ಜುಟ್ಟು ಉಳಿಸುವ ಯಂತ್ರ

ನಾನು ಬಿಟ್ಟುಬಂದ ಕುರ್ಚಿಗೆ ಹೊಸಬರು ಬಂದಿದ್ದಾರೆ. ಕೆಲಸ ಎಂಥದು, ಹೇಗೆ ಮಾಡಬೇಕು ಎಂದು ಎರಡು ಪುಟ ಬರೆದುಕೊಡಿ ಅಂತ ಕೇಳಿದರು. ಎರಡು ಪುಟದಲ್ಲಿ ಮುಗಿಯುವ ಮಾತಾಗಿದ್ದರೆ ನಾನು ಇಪ್ಪತ್ತೇಳು ವರ್ಷ ಅಲ್ಲಿ ಬೇರು ಬಿಟ್ಟುಕೊಂಡು ಕೂರಬೇಕಾಗಿರಲಿಲ್ಲ. ಸಂಬಳ, ಬಡ್ತಿ, ಬೀಳ್ಕೊಡುಗೆಯ ಶಾಲು, ಇವೆಲ್ಲ ಎಲ್ಲರಿಗೂ ಒಂದೇ ಥರ. ಅವನ್ನು ಬಿಡುತ್ತೇನೆ. ಈ ಕೆಲಸ ನನಗೆ ಒಬ್ಬ ಗೆಳತಿಯನ್ನು ಕೊಟ್ಟಿತು. ಆಕೆಯನ್ನು ನಾನೇ ನನ್ನ ಬಾಯಿಂದ ಕಳೆದುಕೊಂಡೆ. ಹೇಳಬೇಕಾದದ್ದು ಅದು. ಉಳಿದದ್ದು ಅದರ ಜೊತೆಗೆ ಬರುತ್ತದೆ.

ಹಾಸನದ ಕೈಗಾರಿಕಾ ಬಡಾವಣೆಯಲ್ಲಿ ನಮ್ಮ ಕಾರ್ಖಾನೆ. ಔಷಧಿ ಹೊಡೆಯುವ ಸ್ಪ್ರೇಯರು, ಕಳೆ ಕೀಳುವ ಯಂತ್ರ, ಆಮೇಲೆ ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುತ್ತಿದ್ದೆವು. ಯಜಮಾನರು ಅರಕಲಗೂಡಿನ ವ್ಯಾಪಾರಸ್ಥ ಮನೆತನದ ಚನ್ನಬಸಪ್ಪನವರು. ಯಂತ್ರ ಮಾಡುವವರು ಬೇರೆ, ಮಾರುವವರು ಬೇರೆ. ನಾನು ಇಬ್ಬರಿಗೂ ಸೇರದವಳು. ಆ ಯಂತ್ರ ಏನು ಮಾಡುತ್ತದೆ ಎಂದು ಕೊಳ್ಳುವವರಿಗೆ ಅರ್ಥವಾಗುವ ಹಾಗೆ ಬರೆಯುವವಳು. ಕರಪತ್ರ, ಪೆಟ್ಟಿಗೆಯ ಮೇಲಿನ ಬರಹ, ಬಳಸುವ ವಿಧಾನದ ಪುಸ್ತಿಕೆ, ಕ್ಯಾಲೆಂಡರು, ವಿಡಿಯೊ, ಎಲ್ಲ ನನ್ನ ಪಾಲು. ಹೊಳೆನರಸೀಪುರದಲ್ಲಿ ನಾನಿದ್ದ ಬೀದಿಯವರು ನನ್ನನ್ನು ಕೊನೆಯವರೆಗೂ ಟೈಪಿಸ್ಟು ಎಂದುಕೊಂಡಿದ್ದರು. ಮೊದಮೊದಲು ತಿದ್ದಿದೆ, ಆಮೇಲೆ ಬಿಟ್ಟೆ.

ಮೊದಲ ಕರಪತ್ರ ಬರೆದಾಗ ನನಗೆ ಕನ್ನಡ ಎಂ.ಎ. ಮುಗಿಸಿದ ಗರ್ವವಿತ್ತು. ‘ಕೃಷಿಕ ಬಾಂಧವರ ಶ್ರಮಪರಿಹಾರಾರ್ಥವಾಗಿ’ ಎಂದು ಶುರುಮಾಡಿದ್ದೆ. ಯಜಮಾನರು ಅದನ್ನು ಓದಿ, ಕೊಣನೂರಿನ ಸಂತೆಗೆ ಹೊರಟಿದ್ದ ನಮ್ಮ ವ್ಯಾನಿನಲ್ಲಿ ನನ್ನನ್ನೂ ಕೂರಿಸಿದರು. ಅಲ್ಲಿ ಹೊಗೆಸೊಪ್ಪು ಬೆಳೆಯುವ ಒಬ್ಬ ಗೌಡರಿಗೆ ಅದನ್ನು ಓದಿಹೇಳಿದೆ. ಆತ ಅರ್ಧದಲ್ಲೇ ಕೈ ಅಡ್ಡ ಹಿಡಿದ. “ಇದೇನವ್ವ, ಕೋರ್ಟ್ ನೋಟೀಸು ಇದ್ದಂಗೈತಲ್ಲ. ಮಿಸಿನ್ನು ಏನ್ ಮಾಡ್ತದೆ, ಅದ್ನ ಯೋಳು” ಅಂದ. ಸುತ್ತ ನಿಂತವರು ನಕ್ಕರು. ನನಗೆ ಅವಮಾನವಾಯಿತು, ಹಾಸನಕ್ಕೆ ವಾಪಸು ಬರುವವರೆಗೂ ವ್ಯಾನಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿಂದ ಮುಂದೆ ಮಾತ್ರ ಯಾರು ಆ ಯಂತ್ರ ಬಳಸುತ್ತಾರೋ ಅವರ ಮುಂದೆ ಗಟ್ಟಿಯಾಗಿ ಓದದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸಲಿಲ್ಲ. ದುದ್ದ, ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಾಯಿ ಮಂಡಿ, ಎಲ್ಲ ಕಡೆ ಕಾಗದ ಹಿಡಿದುಕೊಂಡು ಓಡಾಡಿದೆ. ಎಲ್ಲಿ ಅವರು ತಲೆ ಆಡಿಸುತ್ತಾರೆ, ಎಲ್ಲಿ ಬೇರೆ ಕಡೆ ನೋಡುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಬೇರೆ ಕಡೆ ನೋಡಿದ ಸಾಲನ್ನು ಹೊಡೆದುಹಾಕುತ್ತಿದ್ದೆ.

ಹೊರದೇಶದ ಮಾತು ಬಂದದ್ದು ಬಹಳ ವರ್ಷದ ಮೇಲೆ. ವಿಯೆಟ್ನಾಮಿನ ದಕ್ಷಿಣದಲ್ಲಿ ನಮ್ಮ ಚನ್ನರಾಯಪಟ್ಟಣದ ಹಾಗೇ ಕಣ್ಣು ಹಾಯಿಸಿದಷ್ಟೂ ತೆಂಗು ಇರುವ ಸೀಮೆಯಿದೆ. ಅಲ್ಲಿಯ ಒಬ್ಬ ವ್ಯಾಪಾರಿ ನಮ್ಮ ಸ್ಪ್ರೇಯರು, ಸುಲಿಯುವ ಯಂತ್ರ ಎರಡನ್ನೂ ತರಿಸಿಕೊಳ್ಳಲು ಒಪ್ಪಿದ. ಕರಪತ್ರ ಅಲ್ಲಿಯ ಭಾಷೆಯಲ್ಲಿ ಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು, ಆ ವ್ಯಾಪಾರಿಯ ಆಫೀಸಿನಲ್ಲಿ ಒಬ್ಬ ಹುಡುಗಿ ಅದನ್ನು ತನ್ನ ಭಾಷೆಗೆ ತರುವುದು ಎಂದು ತೀರ್ಮಾನವಾಯಿತು. ಹುಡುಗಿಯ ಹೆಸರು ಲಿಯೆನ್. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು.

ನಮ್ಮ ಮೊದಲ ಪೆಟ್ಟಿಗೆಯ ಚಿತ್ರವೇ ಎಡವಟ್ಟಾಯಿತು. ಆಯುಧಪೂಜೆ ಮುಗಿದ ಮಾರನೆಯ ದಿನ ಸುಲಿಯುವ ಯಂತ್ರ ಥಳಥಳ ಎನ್ನುತ್ತಿತ್ತು, ಫೋಟೊ ತೆಗೆಸಲು ಇದಕ್ಕಿಂತ ಒಳ್ಳೆಯ ದಿನ ಬೇಕೇ ಎಂದು ತೆಗೆಸಿದೆವು. ಹಲ್ಲುಗಳಿರುವ ಉರುಳೆಗಳ ಮೇಲೆಲ್ಲ ಕುಂಕುಮ. ಬುಡದಲ್ಲಿ ಒಡೆದ ಬೂದುಗುಂಬಳಕಾಯಿ, ಅದರ ಹೊಟ್ಟೆಯೊಳಗೂ ಕುಂಕುಮ. ನಮ್ಮ ಕಣ್ಣಿಗೆ ಅದು ಮಂಗಳಕರ. ಲಿಯೆನ್ ಆ ಚಿತ್ರವನ್ನು ತನ್ನ ಊರಿನ ಕಾಯಿ ಸುಲಿಯುವವರಿಗೆ ತೋರಿಸಿ ನನಗೆ ಬರೆದಳು. ಇಲ್ಲಿಯವರು ಇದನ್ನು ರಕ್ತ ಎನ್ನುತ್ತಾರೆ, ಯಾರ ಕೈ ಹೋಯಿತು ಎಂದು ಕೇಳುತ್ತಾರೆ, ಆ ಬಿಳೀ ಕಾಯಿ ಯಾಕೆ ಸತ್ತುಬಿದ್ದಿದೆ? ನಾನು ಓದಿ ಒಬ್ಬಳೇ ಕೂತು ನಕ್ಕೆ. ಆಮೇಲೆ ಆ ಇ-ಮೇಲನ್ನು ಮತ್ತೆ ಓದಿದೆ. ಇವಳಿಗೆ ಯಾರೂ ಹೇಳಿರಲಿಲ್ಲ, ಚಿತ್ರ ತೆಗೆದುಕೊಂಡು ಹೋಗಿ ಕೆಲಸದವರ ಮುಂದೆ ಹಿಡಿದಿದ್ದಳು. ನಾನು ಕೊಣನೂರಿನಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಅವಳು ಹುಟ್ಟಿನಿಂದಲೇ ಕಲಿತುಕೊಂಡು ಬಂದಿದ್ದಳು.

ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅವರ ಆಫೀಸು ತೆರೆಯುವುದೂ ಬೇಗ. ಅವಳಿಗೆ ಸರಿಹೊಂದಲೆಂದು ನಾನು ಹೊಳೆನರಸೀಪುರದಿಂದ ಮೊದಲ ಬಸ್ಸು ಹಿಡಿದು, ವಾಚ್‌ಮನ್ ಕೈಲಿ ಬೀಗ ತೆಗೆಸಿ ಕೂರುತ್ತಿದ್ದೆ. ಮಧ್ಯಾಹ್ನದ ಊಟವನ್ನೂ ಅವರ ಹೊತ್ತಿಗೇ ಮಾಡುತ್ತಿದ್ದೆ. ಕಾರ್ಖಾನೆಯವರು ಊಟಕ್ಕೆ ಕೂರುವ ಹೊತ್ತಿಗೆ ನನ್ನ ಡಬ್ಬಿ ತೊಳೆದು ಕವುಚಿಟ್ಟಿರುತ್ತಿತ್ತು. ಹೀಗಾಗಿ ಜೊತೆಯಲ್ಲಿ ಕೂತು ಉಣ್ಣುವವರು ತಪ್ಪಿಹೋದರು. ನನಗೆ ಅದು ಅಷ್ಟಾಗಿ ಕಾಣಲಿಲ್ಲ. ಮದುವೆಯಾಗಿರಲಿಲ್ಲ, ಅಮ್ಮ ತೀರಿಕೊಂಡಿದ್ದಳು, ಮನೆಯಲ್ಲಿ ಹೇಗೂ ಒಬ್ಬಳೇ. ಬೆಳಗ್ಗೆ ಕಂಪ್ಯೂಟರು ತೆರೆದ ಕೂಡಲೇ ಲಿಯೆನ್ ಊಟವಾಯಿತೇ ಎಂದು ಕೇಳುತ್ತಿದ್ದಳು. ಅವರಲ್ಲೂ ಮಾತು ಶುರುವಾಗುವುದು ಹಾಗೆಯೇ ಅಂತೆ. ದಿನದಲ್ಲಿ ನನ್ನನ್ನು ಆ ಮಾತು ಕೇಳುತ್ತಿದ್ದವಳು ಅವಳೊಬ್ಬಳೇ.

ಅವಳ ಕೆಲಸದ ರೀತಿ ಹೀಗಿತ್ತು. ನಾನು ಕಳಿಸಿದ ಪುಟವನ್ನು ಅಚ್ಚು ಹಾಕಿಕೊಳ್ಳುತ್ತಿದ್ದಳು. ಅದನ್ನು ತನ್ನ ಭಾಷೆಯಲ್ಲಿ ಓದಿಹೇಳಿ, ಕೇಳಿದವರು ಅಂದದ್ದನ್ನು ಅಂಚಿನಲ್ಲಿ ಪೆನ್ನಿನಿಂದ ಇಂಗ್ಲಿಷಿನಲ್ಲಿ ಬರೆದು, ಫೋಟೊ ತೆಗೆದು ನನಗೆ ಕಳಿಸುತ್ತಿದ್ದಳು. ಮರ್ಯಾದೆಗೆಂದು ಒಂದು ಮಾತನ್ನೂ ಹಾಕುತ್ತಿರಲಿಲ್ಲ. ಇದು ಬೇಡ. ಇದು ನಗು ತರುತ್ತದೆ. ಇದನ್ನು ಹೆಂಗಸರಿಗೆ ಹೇಳಿ, ಗಂಡಸರಿಗಲ್ಲ, ಯಂತ್ರ ತಿರುಗಿಸುವವರು ಅವರು. ಮೊದಮೊದಲು ನನಗೆ ಉರಿದುಹೋಗುತ್ತಿತ್ತು, ಆಮೇಲೆ ಆ ಅಂಚಿನ ಬರಹಕ್ಕೇ ಕಾಯತೊಡಗಿದೆ.

ಕ್ಯಾಲೆಂಡರಿನ ಕಥೆ ಹೇಳುತ್ತೇನೆ, ಇದು ನಾವು ಗೆದ್ದದ್ದು. ಇಲ್ಲಿ ನಮ್ಮ ಕ್ಯಾಲೆಂಡರಿನಲ್ಲಿ ಗಣಪತಿಯ ಚಿತ್ರ, ಕೆಳಗೆ ದಿನಾಂಕ, ಅದರ ಮೂಲೆಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಗುರುತು. ಅಲ್ಲಿಗೆ ಕಳಿಸುವಾಗ ದೇವರನ್ನು ತೆಗೆದು ಶಾಂತಿಗ್ರಾಮದ ಹತ್ತಿರದ ಒಂದು ತೆಂಗಿನ ತೋಟದ ಚಿತ್ರ ಹಾಕಿದೆವು. ಅಮಾವಾಸ್ಯೆ ಹುಣ್ಣಿಮೆ ತೆಗೆಯಲು ಮರೆತೆ. ಬೈಗುಳ ಕಾದಿದೆ ಎಂದುಕೊಂಡಿದ್ದೆ. ಲಿಯೆನ್ ಬೈಯಲಿಲ್ಲ. ಅವರಲ್ಲೂ ಚಂದ್ರನ ಲೆಕ್ಕ, ಆ ದಿನಗಳಲ್ಲಿ ಅವಳ ಅಮ್ಮ ಮಾಂಸ ಮುಟ್ಟುವುದಿಲ್ಲವಂತೆ. ಒಂದು ದಿನ ಹಿಂದುಮುಂದಾದದ್ದನ್ನು ತನ್ನ ಪಂಚಾಂಗ ನೋಡಿ ತಾನೇ ಸರಿಮಾಡಿದಳು. ನಮ್ಮ ಕಾರ್ಖಾನೆಯಿಂದ ಹೋದ ವಸ್ತುಗಳಲ್ಲಿ ಅಲ್ಲಿಯ ಅಡುಗೆಮನೆಯ ಒಳಗೆ ಹೋದದ್ದು ಅದೊಂದೇ. ಅವಳ ಅಮ್ಮ ಆ ಕ್ಯಾಲೆಂಡರಿನ ಕೆಳಗೆ ಕೂತು ಕಾಯಿ ತುರಿಯುತ್ತಿರುವ ಫೋಟೊ ನನ್ನ ಹತ್ತಿರ ಈಗಲೂ ಇದೆ.

ಇನ್ನು ಜುಟ್ಟಿನ ವಿಷಯ. ನಮ್ಮ ಕಡೆ ಸುಲಿದ ತೆಂಗಿನಕಾಯಿಗೆ ಮೇಲೆ ಒಂದಿಷ್ಟು ನಾರು ಬಿಡಬೇಕು. ಆ ಜುಟ್ಟು ಇದ್ದರೆ ಕಾಯಿ ಪೂಜೆಗೆ ಬರುತ್ತದೆ, ಕಲಶಕ್ಕೆ ಬರುತ್ತದೆ. ಜುಟ್ಟು ಕಿತ್ತ ಕಾಯಿ ಸಾರಿಗೆ ಮಾತ್ರ. ಕೈಯಲ್ಲಿ ಸುಲಿಯುವವರು ಅದನ್ನು ಲೀಲಾಜಾಲವಾಗಿ ಬಿಡುತ್ತಾರೆ, ಯಂತ್ರಕ್ಕೆ ಆ ಬುದ್ಧಿ ಇಲ್ಲ, ಎಲ್ಲವನ್ನೂ ಬೋಳಿಸಿಬಿಡುತ್ತದೆ. ಅದಕ್ಕೇ ಚನ್ನರಾಯಪಟ್ಟಣದ ಮಂಡಿಯವರು ನಮ್ಮ ಹಳೆಯ ಯಂತ್ರವನ್ನು ಹತ್ತಿರ ಸೇರಿಸಿರಲಿಲ್ಲ. ಯಜಮಾನರಿಗೆ ಅದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ದುದ್ದದ ಕಡೆಯ ನಿಂಗೇಗೌಡ ಎಂಬ ನಮ್ಮ ಫೋರ್‌ಮನ್ ಜೊತೆ ಮೂರು ವರ್ಷ ಒದ್ದಾಡಿ, ಕಾಯಿಯ ತುದಿಯನ್ನು ಹಿಡಿದು ಜುಟ್ಟು ಉಳಿಸುವ ಒಂದು ಹಿಡಿಕೆಯನ್ನು ಮಾಡಿಸಿದರು. ಮೊದಲ ಕಾಯಿ ಜುಟ್ಟಿನ ಸಮೇತ ಹೊರಬಿದ್ದ ದಿನ ಅದನ್ನು ಎರಡೂ ಕೈಲಿ ಹಿಡಿದುಕೊಂಡು ಕಾರ್ಖಾನೆಯ ಉದ್ದಕ್ಕೂ ತೋರಿಸುತ್ತಾ ಬಂದರು. ಅವರ ಕಣ್ಣು ತುಂಬಿತ್ತು. ನಾನೂ ಅತ್ತೆ.

‘ಜುಟ್ಟು ಉಳಿಸುವ ಯಂತ್ರ’ ಎಂದು ತಲೆಬರಹ ಬರೆದವಳು ನಾನು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹೋದ ಸಾಲು ಇನ್ನೊಂದಿಲ್ಲ. ಮಂಡಿಯಲ್ಲಿ ಓದಿದಾಗ ಯಾರೂ ಬೇರೆ ಕಡೆ ನೋಡಲಿಲ್ಲ. ಯಜಮಾನರು ಅದನ್ನೇ ವಿಯೆಟ್ನಾಮಿಗೂ ಕಳಿಸು ಅಂದರು. “ಜುಟ್ಟಿಲ್ದ ಕಾಯಿ ಒಂದು ಕಾಯಾ? ಮುಂದ್ಗಡೆ ಪುಟದಲ್ಲಿ ಅದೇ ಬರ್ಬೇಕು ಕಣಮ್ಮ, ದೊಡ್ಡಕ್ಷರದಲ್ಲಿ.” ನಾನು ಇಂಗ್ಲಿಷ್ ಮಾಡಿ ಕಳಿಸಿದೆ.

ಎರಡು ದಿನದಲ್ಲಿ ಲಿಯೆನ್ನಳ ಪುಟ ಬಂತು. ಈ ಸಲ ಅಂಚು ಪೂರ್ತಿ ತುಂಬಿಹೋಗಿತ್ತು. ಇಲ್ಲಿ ಕಾಯಿಯ ಮೇಲೆ ನಾರು ಇದ್ದರೆ ಕೊಳ್ಳುವವರು ವಾಪಸು ಕಳಿಸುತ್ತಾರೆ. ಕೆಲಸದವರು ಯಂತ್ರ ಅರ್ಧಕ್ಕೆ ನಿಂತಿತು ಎಂದುಕೊಳ್ಳುತ್ತಾರೆ. ದಯವಿಟ್ಟು ನಿಮ್ಮ ಯಜಮಾನರಿಗೆ ಹೇಳಿ, ಆ ಹಿಡಿಕೆಯನ್ನು ಬಿಚ್ಚಲು ಬರುವ ಹಾಗೆ ಮಾಡಿದರೆ ಸಾಕು. ತಲೆಬರಹದಲ್ಲಿ ಚಿಪ್ಪು ಒಡೆಯುವುದಿಲ್ಲ ಎಂದು ಹಾಕೋಣ, ಅದೇ ಇಲ್ಲಿಯವರ ಚಿಂತೆ.

ಅವಳು ಹೇಳಿದ್ದು ಸರಿ ಎಂದು ನನಗೆ ಓದಿದ ಕೂಡಲೇ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಗೊತ್ತಿರಲಿಲ್ಲ ಎಂದುಕೊಂಡರೆ ನನ್ನ ತಪ್ಪು ಹಗುರಾಗಿಬಿಡುತ್ತದೆ. ಯಜಮಾನರ ಬಾಗಿಲವರೆಗೆ ಹೋದೆ. ಒಳಗೆ ಅವರು ಯಾರಿಗೋ ಫೋನಿನಲ್ಲಿ ಜುಟ್ಟಿನ ಮಹಿಮೆ ಹೇಳುತ್ತಿದ್ದರು. ಹಿಂದಿನ ತಿಂಗಳಷ್ಟೇ ಒಂದು ವಿಡಿಯೊ ತಡವಾದದ್ದಕ್ಕೆ ಎಲ್ಲರೆದುರು ನನ್ನನ್ನು ಝಾಡಿಸಿದ್ದರು, ಬೆಂಗಳೂರಿನ ಏಜೆನ್ಸಿಗೆ ಕೊಟ್ಟರೆ ನಿನ್ನ ಕೆಲಸ ಎರಡು ದಿನದಲ್ಲಿ ಆಗುತ್ತದೆ ಎಂದಿದ್ದರು. ಆ ಮಾತು ನನ್ನೊಳಗೆ ಇತ್ತು. ಅದರ ಜೊತೆ ನನ್ನ ತಲೆಬರಹದ ಮೋಹವೂ ಇತ್ತು. ಬಾಗಿಲಿಂದಲೇ ವಾಪಸು ಬಂದು ಲಿಯೆನ್‌ಗೆ ಒಂದೇ ಸಾಲು ಬರೆದೆ: ಇದ್ದ ಹಾಗೆಯೇ ಭಾಷಾಂತರ ಮಾಡು. ಅವಳು ಇದ್ದ ಹಾಗೆಯೇ ಮಾಡಿ ಕಳಿಸಿದಳು. ಆವತ್ತಿನ ಪುಟದ ಅಂಚು ಖಾಲಿ ಇತ್ತು.

ಯಂತ್ರಗಳು ಹಡಗು ಹತ್ತಿದವು. ಪ್ರದರ್ಶನ ಆ ವ್ಯಾಪಾರಿಯ ಅಂಗಳದಲ್ಲಿ. ನಾನು, ಯಜಮಾನರು, ನಿಂಗೇಗೌಡ ಮೂವರೂ ಬೆಳಗ್ಗೆ ಹಾಸನದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನೋಡಿದೆವು. ಅಂಗಳದ ತುಂಬ ಜನ. ಲಿಯೆನ್ ಕೈಯಲ್ಲಿ ಮೈಕು. ಅವಳು ನಡೆದಾಡುವುದನ್ನು ನಾನು ನೋಡಿದ್ದು ಅದೇ ಮೊದಲು, ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದಳು. ಮೊದಲ ಕಾಯಿ ಹಾಕಿದರು. ಜುಟ್ಟಿನ ಸಮೇತ ಹೊರಗೆ ಬಂತು. ಯಜಮಾನರು ನನ್ನ ಹೆಗಲು ತಟ್ಟಿದರು. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಯಿ ಹಿಡಿದ ಹೆಂಗಸು ಅದನ್ನು ತಿರುಗಿಸಿ ನೋಡಿ, ಯಂತ್ರ ಪೂರ್ತಿ ಮಾಡಲಿಲ್ಲವೆಂದು ಮತ್ತೆ ಒಳಗೆ ಹಾಕಿದಳು. ಸುಲಿಯಲು ಏನೂ ಉಳಿದಿಲ್ಲದ ಕಾಯಿಯನ್ನು ಉರುಳೆಗಳು ಹಿಡಿದು ಅಮುಕಿದವು. ಚಿಪ್ಪು ಒಡೆದು ನೀರು ಅವಳ ಮೇಲೆ ಚಿಮ್ಮಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅಂಗಳವೆಲ್ಲ ನಕ್ಕಿತು. ಯಾರೋ ಒಬ್ಬ ಮುದುಕ ಮುಂದೆ ಬಂದು, ತನ್ನ ಕತ್ತಿಯಿಂದ ಜುಟ್ಟನ್ನು ಕೆತ್ತಿ, ಕಾಯಿಯನ್ನು ಎತ್ತಿ ತೋರಿಸಿದ. ಚಪ್ಪಾಳೆ ಬಿದ್ದದ್ದು ಅವನಿಗೆ.

“ಅವರ್ಗೆ ಜುಟ್ಟು ಬ್ಯಾಡ ಕಣಣ್ಣಾ” ಎಂದು ನಿಂಗೇಗೌಡ ಮೆಲ್ಲಗೆ ಅಂದ. ಅವನು ಯಜಮಾನರನ್ನು ಅಣ್ಣಾ ಎನ್ನುತ್ತಿದ್ದದ್ದು ಬಹಳ ಕಷ್ಟದ ಹೊತ್ತಿನಲ್ಲಿ ಮಾತ್ರ.

ಯಜಮಾನರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು. “ಜುಟ್ಟು ಬುಡೋ ಮಿಸಿನ್ನು ಅಂತ ಜನಕ್ಕೆ ತಿಳಿಸ್ಬೇಕಲ್ವಾ? ಆ ಹುಡುಗಿ ಏನ್ ಬರೆದವ್ಳೆ ಅಲ್ಲಿ?”

ಆಗ ನಾನು ಹೇಳಬಹುದಾಗಿದ್ದದ್ದು ಎಷ್ಟೋ ಇತ್ತು. ಅವಳು ಬೇಡ ಅಂದಿದ್ದಳು, ನಾನು ನಿಮಗೆ ಹೇಳಲಿಲ್ಲ. ಇಷ್ಟೇ ಸಾಕಿತ್ತು.

“ಭಾಷಾಂತರದಲ್ಲಿ ಎಲ್ಲೋ ಎಡವಟ್ಟಾಗಿರ್ಬೇಕು ಸಾರ್” ಅಂದೆ.

ಯಜಮಾನರು ಅದನ್ನೇ ಆ ವ್ಯಾಪಾರಿಗೆ ಬರೆದರು. ವಾರದೊಳಗೆ ಲಿಯೆನ್ನಳನ್ನು ಕೆಲಸದಿಂದ ತೆಗೆದ ಸುದ್ದಿ ಬಂತು. ಅವಳ ಆಫೀಸಿನ ವಿಳಾಸಕ್ಕೆ ಬರೆದದ್ದು ವಾಪಸು ಬಂತು. ಅವಳ ಸ್ವಂತ ಫೋನಿಗೆ, ಹೇಗಿದ್ದೀಯ, ಊಟವಾಯಿತೇ ಎಂದು ಕಳಿಸಿದೆ. ಉತ್ತರವಿಲ್ಲ. ಬೇರೆ ಕೆಲಸ ಸಿಕ್ಕಿರಬೇಕು, ಬಿಡುವಿರಲಿಕ್ಕಿಲ್ಲ ಎಂದುಕೊಂಡೆ. ನಾನು ಅಂದ ಆ ಒಂದು ಮಾತು ಅವಳವರೆಗೆ ಹೋಗಿರಲಾರದು, ಅವರ ಯಜಮಾನನೇ ಸಿಟ್ಟಿನಲ್ಲಿ ತೆಗೆದಿರಬೇಕು ಎಂದೂ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಬಹಳ ಅನುಕೂಲವಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯಂತ್ರಗಳು ಅಲ್ಲೇ ಗೋದಾಮಿನಲ್ಲಿ ಕೂತಾಗ ಯಜಮಾನರು ಏನು ಮಾಡೋಣ ಎಂದು ಸಭೆ ಕರೆದರು. ಆ ಹಿಡಿಕೆಯನ್ನು ಬಿಚ್ಚಲು ಬರುವ ಹಾಗೆ ಮಾಡಿ, ಚಿಪ್ಪು ಒಡೆಯುವುದಿಲ್ಲ ಎಂದು ತಲೆಬರಹ ಕೊಡೋಣ ಅಂದೆ. ನಿಂಗೇಗೌಡ ಹತ್ತು ದಿನದಲ್ಲಿ ಅಂಥ ಹಿಡಿಕೆಗಳನ್ನು ಮಾಡಿ ಅಲ್ಲಿಗೆ ಕಳಿಸಿದ. ಯಂತ್ರಗಳು ಚೆನ್ನಾಗಿಯೇ ಹೋದವು. ಯಜಮಾನರು ಎಲ್ಲರೆದುರು ನನ್ನ ತಲೆಯನ್ನು ಹೊಗಳಿದರು. ಅದು ಯಾರ ತಲೆ ಎಂದು ನಾನು ಹೇಳಲಿಲ್ಲ.

ಅಲ್ಲಿಂದ ಮುಂದೆ ನನ್ನ ಕೆಲಸ ಸುಲಭವಾಯಿತು, ಆ ಸುಲಭವೇ ನನ್ನನ್ನು ತಿಂದಿತು. ಭಾಷಾಂತರ ದೊಡ್ಡ ನಗರದ ಒಂದು ಸಂಸ್ಥೆಗೆ ಹೋಯಿತು. ಕೊಟ್ಟದ್ದನ್ನು ಕೊಟ್ಟ ಹಾಗೇ ಮಾಡಿ, ಹೇಳಿದ ದಿನವೇ ಕಳಿಸುತ್ತಿದ್ದರು. ಒಂದು ಪ್ರಶ್ನೆ ಇಲ್ಲ. ಪರೀಕ್ಷೆ ಮಾಡೋಣವೆಂದು ಒಮ್ಮೆ ಬೇಕೆಂದೇ ರಾಗಿ ಕಣದ ಮಾತು ಸೇರಿಸಿದೆ. ತೆಂಗಿನ ಸೀಮೆಯವರಿಗೆ ರಾಗಿ ಕಣ ಯಾಕೆ ಎಂದು ಯಾರೂ ಕೇಳಲಿಲ್ಲ, ಅದೂ ಭಾಷಾಂತರವಾಗಿ ಬಂತು. ಆಮೇಲೆ ಆ ಸಂಸ್ಥೆಯೂ ಹೋಗಿ ಕಂಪ್ಯೂಟರೇ ಮಾಡತೊಡಗಿತು. ವಿಯೆಟ್ನಾಮಿನದು, ಥಾಯ್ಲೆಂಡಿನದು, ಇಂಡೊನೇಷ್ಯಾದ್ದು, ಎಲ್ಲ ಕಾಫಿ ಕುಡಿಯುವಷ್ಟರಲ್ಲಿ. ನನ್ನ ಕೋಣೆಯಲ್ಲಿದ್ದ ಇಬ್ಬರು ಡಿಸೈನಿನವರು ಬೇರೆ ಕಡೆ ಹೋದರು. ನಾನು ಮೊದಲ ಬಸ್ಸಿಗೇ ಬರುವುದನ್ನು ಬಿಡಲಿಲ್ಲ. ಯಾಕೆ ಇಷ್ಟು ಬೇಗ ಬರ್ತೀರಿ ಎಂದು ವಾಚ್‌ಮನ್ ಕೇಳಿದರೆ ಅಭ್ಯಾಸ ಅಂತಿದ್ದೆ. ಅವರ ಹೊತ್ತಿಗೇ ಊಟ ಮಾಡಿ, ಡಬ್ಬಿ ತೊಳೆದು, ಖಾಲಿ ಕಾರಿಡಾರು ನೋಡುತ್ತಾ ಕೂರುತ್ತಿದ್ದೆ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಇಲ್ಲೊಂದು ಮಾತು ಕೇಳಿಸಿಕೊಳ್ಳಿ. ಕಂಪ್ಯೂಟರನ್ನು ನಾನು ಬೈಯುವುದಿಲ್ಲ, ಅದರ ಕನ್ನಡ ನನ್ನ ಮೊದಲ ಕರಪತ್ರಕ್ಕಿಂತ ಎಷ್ಟೋ ಮೇಲು. ಆದರೆ ನೀವು ಕೇಳಿದ್ದನ್ನು ಅದು ಒಪ್ಪಿಕೊಂಡು ಮಾಡುತ್ತದೆ. ಇದು ಬೇಡ ಎನ್ನುವ ಒಬ್ಬರು ಆ ಕಡೆ ಇದ್ದರೆ ಅವರನ್ನು ಉಳಿಸಿಕೊಳ್ಳಿ. ಅವರ ಪರವಾಗಿ ನಿಮ್ಮ ಯಜಮಾನರ ಬಾಗಿಲು ತಟ್ಟಿ. ನಾನು ತಟ್ಟಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತರೆ ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ತಿಂಗಳು ತಡೆದೆ. ಆಮೇಲೆ ಅರಕಲಗೂಡಿನ ಬಸ್ಸು ಹತ್ತಿ ಯಜಮಾನರ ಮನೆಗೆ ಹೋದೆ. ಕಾರ್ಖಾನೆಯನ್ನು ಮಗಳ ಕೈಗೆ ಕೊಟ್ಟು ಅವರು ಊರಲ್ಲೇ ಇದ್ದರು. ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಾಫಿ ಬಂತು. ಕುಡಿಯದೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಲಿಯೆನ್ ಬೇಡ ಅಂದದ್ದು, ನಾನು ಬಾಗಿಲಿಂದ ವಾಪಸು ಹೋದದ್ದು, ಆಮೇಲೆ ಅವಳ ಸಲಹೆಯನ್ನು ನನ್ನದೆಂದು ಹೇಳಿದ್ದು. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಮ್ಮ” ಅಂದರು. “ಇದ್ದಂಗೇ ಮಾಡು ಅಂತ ನೀನು ಕಳ್ಸಿದ್ದ ಇ-ಮೇಲ್ನ ಆ ಹುಡುಗಿ ಅವ್ಳ ಯಜಮಾನಂಗೆ ತೋರ್ಸಿದ್ಲು. ತೆಪ್ಪು ಅವ್ಳದಲ್ಲ ಅಂತ ಅವ್ನು ಅದ್ನ ನಂಗೆ ಕಳ್ಸಿ ಕೇಳಿದ್ದ. ನಾನು ಉತ್ರ ಬರೀಲಿಲ್ಲ.”

ಯಾಕೆ ಎಂದು ಕೇಳಿದೆ.

“ಜುಟ್ಟು ಬೇಕೇ ಬೇಕು ಅಂತ ಕುಂತೋನು ನಾನಲ್ವಾ. ತೆಪ್ಪು ನಿಂದು ಅಂದ್ರೆ ಆಮ್ಯಾಕೆ ಅದು ನನ್ ತಾವ್ಕೇ ಬರ್ತಿತ್ತು. ದೂರದಲ್ಲಿರೋಳು, ಓಗ್ಲಿ ಅಂತ ಸುಮ್ಕಾದೆ.” ಆಮೇಲೆ ನನ್ನ ಲೋಟ ನೋಡಿ, “ಕಾಫಿ ಆರೋಯ್ತು, ಕುಡಿ” ಅಂದರು.

ನಾನು ಕುಡಿದೆ. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಯೋಚನೆ: ಅವಳಿಗೆ ಗೊತ್ತಿತ್ತು. ನಾನು ಏನು ಹೇಳಿದೆನೆಂದು ಗೊತ್ತಿದ್ದೇ, ಹೇಗಿದ್ದೀಯ ಎಂಬ ನನ್ನ ಮಾತನ್ನು ಅವಳು ಓದಿದ್ದಳು. ಅದಕ್ಕೇ ಉತ್ತರ ಬಂದಿರಲಿಲ್ಲ. ಇಷ್ಟು ವರ್ಷ ಬಿಡುವಿಲ್ಲ, ಬೇರೆ ಕೆಲಸ ಎಂದು ನಾನು ಕಟ್ಟಿಕೊಂಡಿದ್ದೆಲ್ಲ ಆ ಬಸ್ಸಿನಲ್ಲಿ ಬಿದ್ದುಹೋಯಿತು. ಹೊಳೆನರಸೀಪುರದಲ್ಲಿ ಇಳಿದು ನೇರ ಮನೆಗೆ ನಡೆದೆ.

ಕಾಗದ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಬೇಡವೆನಿಸಿತು, ಅವಳನ್ನು ಸಿಕ್ಕಿಸಿದ್ದು ಆ ಭಾಷೆಯಲ್ಲಿ. ಓದುವವರ ಮಾತಿನಲ್ಲಿ ಬರೆಯಬೇಕು ಎಂದು ಬಾಳೆಲ್ಲ ಹೇಳಿಕೊಂಡು ಬಂದವಳು ನಾನು. ಅವಳ ಭಾಷೆ ನನಗೆ ಬಾರದು, ಫೋನು ತಿರುಗಿಸಲಿ ಎಂದು ಕನ್ನಡದಲ್ಲಿ ಬರೆದೆ. ಆದದ್ದನ್ನೆಲ್ಲ ಬರೆದೆ, ಯಜಮಾನರು ಅಂದದ್ದನ್ನೂ. ಫೋನು ಅದನ್ನು ವಿಯೆಟ್ನಾಮಿನ ಭಾಷೆಗೆ ತಿರುಗಿಸಿತು. ಪರದೆಯ ತುಂಬ ಚುಕ್ಕೆ ಕೊಕ್ಕೆಗಳ ಅಕ್ಷರ. ಅದು ಕೋರ್ಟಿನ ನೋಟೀಸಿನ ಹಾಗೆ ಕೇಳುತ್ತದೋ, ಅತ್ತ ಹಾಗೆ ಕೇಳುತ್ತದೋ ನನಗೆ ಗೊತ್ತಾಗುವಂತಿರಲಿಲ್ಲ. ಯಾರ ಮುಂದೆ ಗಟ್ಟಿಯಾಗಿ ಓದಿಸಲಿ? ಆ ಭಾಷೆಯಲ್ಲಿ ನನ್ನ ಕ್ಷಮೆ ಹೇಗೆ ಕೇಳಿಸುತ್ತದೆ ಎಂದು ನನಗೆ ಹೇಳಬಲ್ಲವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಅವಳ ಹಳೆಯ ನಂಬರಿಗೇ ಕಳಿಸಿದೆ. ಫೋಟೊ ಬದಲಾಗಿತ್ತು, ಒಂದು ಮಗುವಿನದು. ನಂಬರು ಬದಲಾಗಿರಲಿಲ್ಲ.

ಒಂಬತ್ತು ದಿನವಾದ ಮೇಲೆ ಬೆಳಗ್ಗೆ ಉತ್ತರ ಬಂತು. ಉತ್ತರವೆಂದರೆ ಒಂದು ಫೋಟೊ. ನನ್ನ ಕಾಗದವನ್ನು ಅಚ್ಚು ಹಾಕಿಕೊಂಡು, ಪೆನ್ನಿನಿಂದ ತಿದ್ದಿದ್ದಳು. ಅಲ್ಲೊಂದು ಪದ ಹೊಡೆದು, ಇಲ್ಲೊಂದು ಸೇರಿಸಿ, ಎಂಟು ಹತ್ತು ಕಡೆ. ಮೇಲೆ ನನ್ನ ಹೆಸರಿಲ್ಲ, ಕೆಳಗೆ ಅವಳ ಸಹಿಯಿಲ್ಲ. ಒಂದು ಸಾಲಿಗೆ ಮಾತ್ರ ಉದ್ದಕ್ಕೂ ಗೆರೆ ಎಳೆದಿದ್ದಳು. ಸಾಲುಗಳನ್ನು ಎಣಿಸಿ ನೋಡಿದರೆ ಅದು ನಾನು ಕನ್ನಡದಲ್ಲಿ ‘ನಿನ್ನ ಮೇಲೆ ತಪ್ಪು ಹೊರಿಸಬೇಕೆಂಬ ಉದ್ದೇಶ ನನಗಿರಲಿಲ್ಲ’ ಎಂದು ಬರೆದ ಸಾಲು. ಅದರ ಪಕ್ಕದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಅವಳ ಅದೇ ಸಣ್ಣ ಅಕ್ಷರ: ಓದುವವರು ಇದನ್ನು ನಂಬುವುದಿಲ್ಲ.

ಆವತ್ತೆಲ್ಲ ಒಲೆ ಹಚ್ಚಲಿಲ್ಲ. ಸಂಜೆಗೆ ಕೂತು ಆ ಸಾಲನ್ನು ತೆಗೆದೆ. ಅದರ ಜಾಗದಲ್ಲಿ, ನನ್ನ ಕೆಲಸ ಹೋಗುತ್ತದೆಂದು ಹೆದರಿದೆ, ಗೊತ್ತಿದ್ದೇ ನಿನ್ನನ್ನು ಸಿಕ್ಕಿಸಿದೆ ಎಂದು ಬರೆದೆ. ಅವಳು ತಿದ್ದಿದ ಪದಗಳನ್ನೆಲ್ಲ ಅವಳು ತಿದ್ದಿದ ಹಾಗೇ ಇಟ್ಟು, ಪೂರ್ತಿ ಕಾಗದವನ್ನು ಮತ್ತೊಮ್ಮೆ ಕಳಿಸಿದೆ. ಅವಳು ಓದಿದ್ದಾಳೆಂದು ಫೋನು ತೋರಿಸುತ್ತಿದೆ. ಮೂರು ತಿಂಗಳಾಯಿತು, ಆ ಸಾಲಿಗೆ ತಿದ್ದುಪಡಿ ಬಂದಿಲ್ಲ.